ಕೆಂಚವ್ವನ ಗಂಡಿಲಿಗಳು

ಕೇಳ್ರಪ್ಪಾ, ಕೇಳ್ರವ್ವಾ. ಹೊಳೆದಂಡೆಯ ಮೇಲೆ ಹುಲ್ಲಾಪುರ ಅಂತ ಒಂದು ರಾಜ್ಯ ಇತ್ತು. ಅದಕ್ಕೊಬ್ಬ ರಾಜ ಇದ್ದ. ಆಳ್ತಾ ಇದ್ದದ್ದು ಮಾತ್ರ ಇಲಿಗಳು. ಹೊಲದಲ್ಲಿ ಇಲಿ, ಕಣಜದಲ್ಲಿ ಇಲಿ, ತೊಟ್ಟಿಲಲ್ಲೂ ಇಲಿ.

ಮಂತ್ರಿಯ ಹೆಸರು ದುರ್ಗರಸ. ಇಲಿಪಾಷಾಣ ಮಾಡಿಸಿ ರಾಜ್ಯಕ್ಕೆಲ್ಲ ಮಾರ್ತಿದ್ದವನು ಅವನೇ. ಪ್ರತಿ ವರ್ಷ ಊರೂರಿಗೂ ಪಾಷಾಣ ಇಡಿಸ್ತಿದ್ದ. ಇಲಿ ಒಂದಷ್ಟು ಸಾಯ್ತಿದ್ದವು. ಜೊತೆಗೆ ಬೆಕ್ಕು ಸತ್ತವು, ಗೂಬೆ ಸತ್ತವು, ಕರು ಸತ್ತವು. ಮರುವರ್ಷ ಇಲಿ ಮಾತ್ರ ಮತ್ತೆ ಅಷ್ಟೇ.

ಗಡಿಗೆ ಮಾಡೋ ಕೆಂಚವ್ವನ ಮೂರು ವರ್ಷದ ಮಗ ಪಾಷಾಣದ ಹಿಟ್ಟಿನುಂಡೆಯನ್ನ ಬಾಯಿಗೆ ಹಾಕಿಕೊಂಡ. ಸಂಜೆಯೊಳಗೆ ಜೀವ ಹೋಯ್ತು. ಮಂತ್ರಿ ಬಂದು ನೋಡಿ, "ಜ್ವರ ಬಂದು ಸತ್ತಿದೆ. ಪಾಷಾಣ ಮನುಷ್ಯರಿಗೆ ಏನೂ ಮಾಡಲ್ಲ" ಅಂದ. ಕೆಂಚವ್ವ ಅಳಲಿಲ್ಲ. ವಿಷ ಇಲ್ಲದೆ ಇಲಿ ಮುಗಿಸೋ ದಾರಿ ಹುಡುಕ್ತೀನಿ ಅಂತ ಪಣ ತೊಟ್ಟಳು.

ಅವಳು ಇಲಿಗಳನ್ನ ಹಿಡಿದು ಗಡಿಗೆಗಳಲ್ಲಿ ಸಾಕಿದಳು. ಏಳು ವರ್ಷ ಜೋಡಿ ಕೂಡಿಸಿದಳು, ಮರಿ ನೋಡಿದಳು. ಕಡೆಗೊಂದು ಗಂಡಿಲಿ ಸಿಕ್ಕಿತು. ಯಾವ ಹೆಣ್ಣಿಗೆ ಕೂಡಿಸಿದರೂ ಅದರ ಮರಿಗಳೆಲ್ಲ ಗಂಡು. ಆ ಮರಿಗಳ ಮರಿಗಳೂ ಗಂಡೇ. ಇಂಥವನ್ನ ಊರಿಗೆ ಬಿಟ್ಟರೆ ಹೆಣ್ಣಿಲಿ ಕಮ್ಮಿಯಾಗ್ತಾ ಬಂದು ವಂಶವೇ ಮುಗಿಯುತ್ತೆ. ವಿಷ ಬೇಕಿಲ್ಲ.

ಮೊದಲನೇ ಊರಿಗೆ ಹೋಗಿ, "ಮನೆಗೊಂದು ಸೇರು ಜೋಳ ಕೊಡಿ, ಈ ಇಲಿ ಸಾಕಬೇಕು" ಅಂದಳು. "ಇಲಿಗೇ ಉಣ್ಣೋಕೆ ಇಡಬೇಕಾ ನಾವು?" ಅಂತ ಜನ ನಕ್ಕರು. ಎರಡನೇ ಊರಿಗೆ ಅವಳಿಗಿಂತ ಮುಂಚೆ ಮಂತ್ರಿಯ ಆಳು ಹೋಗಿದ್ದ. "ಆ ಇಲಿ ಮುಟ್ಟಿದ ಕಾಳು ತಿಂದರೆ ನಿಮ್ಮ ಮನೇಲೂ ಹೆಣ್ಣು ಹುಟ್ಟಲ್ಲ" ಅಂದಿದ್ದ. ಎಲ್ಲರೂ ಕದ ಹಾಕಿಕೊಂಡರು. ಮೂರನೇ ಊರಲ್ಲಿ ಕಲ್ಲು ಬಿತ್ತು. ಕಲ್ಲೆಸೆದವರ ಹಟ್ಟಿಯಲ್ಲೇ ಹಿಂದಿನ ದಿನ ಪಾಷಾಣಕ್ಕೆ ಕರು ಸತ್ತಿತ್ತು. ಅದಕ್ಕೆ ಯಾರೂ ಕಲ್ಲೆತ್ತಿರಲಿಲ್ಲ.

ಕೆಂಚವ್ವ ನೇರ ರಾಜನ ಸಭೆಗೆ ಹೋದಳು. ಊರವರೂ ಹಿಂದೆಯೇ ಬಂದರು.

"ಹೆಣ್ಣು ಹುಟ್ಟಲ್ಲ ಅಂತಾರಲ್ಲ ಬುದ್ಧಿ, ಇವಳು ನನ್ನ ಮಗಳು. ಆ ಇಲಿ ಮುಟ್ಟಿದ ಕಾಳು ತಿಂದುಕೊಂಡೇ ಹೋದ ವರ್ಷ ಹೆತ್ತೆ" ಅಂತ ಕಂಕುಳಲ್ಲಿದ್ದ ಕೂಸನ್ನ ತೋರಿಸಿದಳು. ಆಮೇಲೆ ಎರಡು ರೊಟ್ಟಿ ಮುಂದಿಟ್ಟಳು. "ಇದು ನನ್ನ ಇಲಿ ಮುಟ್ಟಿದ ಜೋಳದ್ದು, ನಾನು ತಿಂತೀನಿ. ಅದು ಮಂತ್ರಿಗಳ ಪಾಷಾಣ ತಾಗಿದ ಜೋಳದ್ದು, ಅವರು ತಿನ್ನಲಿ."

ಅವಳು ತಿಂದಳು. ದುರ್ಗರಸ ತನ್ನ ಮುಂದಿದ್ದ ರೊಟ್ಟಿಯನ್ನ ಆಚೆ ತಳ್ಳಿದ. "ಇವತ್ತು ನನಗೆ ಉಪವಾಸ" ಅಂದ.

"ನನ್ನ ಮಗನಿಗೆ ಉಪವಾಸ ಗೊತ್ತಿರಲಿಲ್ಲ ಸ್ವಾಮಿ" ಅಂದಳು ಕೆಂಚವ್ವ.

ರಾಜ ಮಂತ್ರಿಯನ್ನ ಗಡಿಪಾರು ಮಾಡಿದ. ಪಾಷಾಣಕ್ಕೆ ಹೋಗ್ತಿದ್ದ ಹಣವನ್ನೆಲ್ಲ ಇಲಿ ಸಾಕೋಕೆ ಕೊಟ್ಟ. "ನಾಳೆಯೇ ಎಲ್ಲ ಊರಿಗೂ ಬಿಡು" ಅಂದ.

"ಊರವರನ್ನ ಕೇಳದೆ ಇಲಿ ಬಿಡಲ್ಲ ಬುದ್ಧಿ. ಪಾಷಾಣ ಇಡುವಾಗಲೂ ನಮ್ಮನ್ನ ಯಾರೂ ಕೇಳಿರಲಿಲ್ಲ" ಅಂದಳು.

ಹೊಳೆ ನಡುಗಡ್ಡೆಯ ಊರಿನವರು ಮೊದಲು ಒಪ್ಪಿದರು. ನಾಲ್ಕನೇ ವರ್ಷಕ್ಕೆ ಅಲ್ಲಿ ಒಂದಿಲಿಯೂ ಇರಲಿಲ್ಲ. ಮಿಕ್ಕ ಊರಿನವರು ತಾವಾಗಿ ಜೋಳ ಹೊತ್ತು ಬಂದರು. ಕಲ್ಲೆಸೆದವರೂ ಬಂದರು. ಕೆಂಚವ್ವ ಅವರಿಗೂ ಇಲಿ ಕೊಟ್ಟಳು. ಮಾತು ಮಾತ್ರ ಆಡಲಿಲ್ಲ.

ಅದಕ್ಕೇ ಹೇಳೋದು: ಹೊಸದನ್ನ ತಂದವರು ಜನರನ್ನ ಕೇಳಿ ನಡೀಬೇಕು. ಜನ, ತಮ್ಮನ್ನ ಹೆದರಿಸೋನು ಯಾವುದರಿಂದ ಹೊಟ್ಟೆ ಹೊರೀತಾನೆ ಅಂತ ನೋಡಿ ನಂಬಬೇಕು.