ಸಾವ್ಕಾರನ ತಲಿಗೆ ಬಡಿಗ್ಯಾನ ರುಮಾಲ

ನಮ್ಮ ಹಿತ್ತಲ ಗ್ವಾಡಿ ಆಚೆ ಸಂಕವ್ವ ಅಂತ, ಬಡಿಗೇರಾಕಿ. ಆಕಿಗೊಬ್ಬನ ಮಗ, ಮಾನಪ್ಪ. ಮೈ ಎತ್ತಿನಂಗ ಬೆಳದಿತ್ತು, ಬುದ್ಧಿ ತೊಟ್ಟಲದಾಗ ಉಳದಿತ್ತು. ಕೂಡು ಅಂದ್ರ ಕೂಡಾಂವ, ಏಳು ಅನ್ನೂತನಾ ಏಳಾಂವಲ್ಲ.

ಆಕಿ ಗಂಡ ಸತ್ತ. ಅವನ ರುಮಾಲ ಗೂಟಕ್ಕ ನೇತಾಡತಿತ್ತು. ಅದು ಯಾರ ತಲಿ ಮ್ಯಾಲ ಏರತೈತಿ, ಊರ ಬಡಿಗತನ ಅವಂದು. ಮೈದುನನ ಮಗ ಪರಬಣ್ಣ ಅದರ ಮ್ಯಾಲ ಕಣ್ಣಿಟ್ಟು ಕುಂತಿದ್ದ. ಹಿರೇರು ಅಂದ್ರು, ಹುಡುಗ ಒಂದ ಕೆಲಸ ನೆಟ್ಟಗ ಮಾಡಿ ತೋರಸಲಿ, ಅವಗ ಸುತ್ತೂಣು, ಇಲ್ಲಾಂದ್ರ ಪರಬಣ್ಣಗ. ಸಂಕವ್ವನ ರೊಟ್ಟಿ ಆ ರುಮಾಲಿನ ಸೆರಗಿಗೆ ಗಂಟು ಬಿದ್ದಿತ್ತು.

ಮೊದಲ ಸಿಕ್ಕಿದ್ದು ಗಾಣಿಗೇರ ಮನಿ ಬಾಗಲ ಚೌಕಟ್ಟು. ಮೂಲಿ ಬಾಯಿ ಬಿಟ್ಟಿತ್ತು. ಆಕಿ ಹೇಳಿ ಕಳಿಸಿದ್ಲು: ಎರಡೂ ಕಟಗಿ ಓರಿ ಕೊಯ್ದು, ಹಣಿ ಮ್ಯಾಲ ರುಮಾಲಿನ ಸುತ್ತು ಕೂಡಿದಂಗ ಕೂಡಸು, ಸಂದ್ಯಾಗ ಬೆಳಕು ಬರಬಾರದು. ಹೋದ. ಹೊತ್ತು ಮುಳುಗಿದ ಮ್ಯಾಲ ಬಂದ. ಆಕಿ ಹೋಗಿ ನೋಡಿದ್ರ ಮೂಲಿ ಇದ್ದಂಗ ಐತಿ.

"ಕೂಡಿಸಿಲ್ಲಲ್ಲೋ ಮೂಳಾ?"

"ಕುಂತು ನೋಡಿದ್ನಿ ಯವ್ವಾ. ಸಂಜೀತನಾ ಬೆಳಕು ಬಂತು. ಆಮ್ಯಾಲ ತಾನ ನಿಂತ್ತು. ಎದ್ದು ಬಂದ್ನಿ."

ಆಕಿ ಹಣಿ ಹಣಿ ಬಡಕೊಂಡ್ಲು. ಹಿಂದ ದೀಪಾ ಹಿಡದು ನೋಡಬೇಕೋ ಅಂದ್ಲು. ಹೂಂ ಅಂದ.

ಮರುದಿನ ಸಾವ್ಕಾರ ಮುದಕಪ್ಪ ಸತ್ತ. ಅವರ ಪೈಕಿ ಹೆಣಾ ಮಲಗಸಾಂಗಿಲ್ಲ. ರುಮಾಲ ಸುತ್ತಿ, ಕಟಗಿ ವಿಮಾನದಾಗ ಕುಂದರಸಿ ಒಯ್ತಾರ. ಮಾನಪ್ಪ ಹೆಂಗೋ ವಿಮಾನ ಬಡದ. ಸಾವ್ಕಾರನ್ನ ಒಳಗ ಕುಂದರಿಸಿದ್ರು, ಭಜನಿ ಶುರುವಾತು. ಆ ಪಡಸಾಲಿ ಹಗಲಾಗನೂ ಕತ್ತಲಿ. ಇಂವ ದೀಪಾ ಎತಗೊಂಡು ಹೆಣದ ಬೆನ್ನ ಹಿಂದ ಹಿಡದ. ಎದರಿನ ಗ್ವಾಡಿ ಮ್ಯಾಲ ರುಮಾಲ ಸುತ್ತಿದ ನೆರಳು ಎದ್ದು ನಿಂತ್ತು. ದೀಪಾ ಅತ್ತಿತ್ತ ಸರಿಸಿದ, ನೆರಳು ಗೋಣು ಹಾಕಿತು. ಭಜನಿ ಗಪ್ಪಾತು. ತಾಳ ಚೆಲ್ಲಿ ಓಡಿದ್ರು ಎಲ್ಲಾರೂ. ನಾನೂ ಓಡಿದ್ನಿ, ಸುಳ್ಳ್ಯಾಕ?

ಇಂವ ಅವ್ವನ ಮುಂದ ಬಂದು ನಿಂತ. "ಸಂದು ಬಿಗಿ ಐತಿ ಯವ್ವಾ. ಸಾವ್ಕಾರ್ರ ಒಳಗಿಂದ ಒಂದೆಳಿ ಬೆಳಕೂ ಬರಲಿಲ್ಲ."

ಬೈದು ಬೈದು ಆಕಿ ಗಂಟಲಾ ಬಿತ್ತು. ಕೇಳಿ ಕೈ ಹಚ್ಚಬೇಕು ಅಂದ್ಲು. ರುಮಾಲ ಸುತ್ತಿದ ಹಿರ್ಯಾನ್ನ ಕೇಳು, ಅಂವ ಒಲ್ಲೆ ಅನ್ನಲಿಲ್ಲಂದ್ರ ಒಪ್ಪಿದಂಗ. ಹೂಂ ಅಂದ.

ಇಳಿಹೊತ್ತಿಗೆ ಕುಣಿ ಬಾಯಾಗ ವಿಮಾನ ಇಳಸೂಮುಂದ ಮೂಲಿ ಸಡಲಿತು. ಸಾವ್ಕಾರ ಓರಿಯಾದ. ಏನಾರ ಮಾಡೋ ಬಡಿಗ್ಯಾ ಅಂದ್ರು. ಇಂವ ಸುತ್ತಾ ನೋಡಿದ. ಎಲ್ಲಾರೂ ಟೋಪಿಯವ್ರು, ಟಾವೆಲ್ಲಿನವ್ರು. ರುಮಾಲ ಇದ್ದದ್ದು ಒಬ್ಬರ ತಲಿ ಮ್ಯಾಲ. ಮೊಣಕಾಲೂರಿ ಕುಂತು ಅವರನ್ನ ಕೇಳಿದ: "ಸಾವ್ಕಾರ್ರ, ಮೂಲಿ ಬಿಗಿಯಾಕ ನಿಮ್ಮ ರುಮಾಲ ತಗೊಳ್ಳಲೇನ್ರಿ?"

ಅವರು ಒಲ್ಲೆ ಅನ್ನಲಿಲ್ಲ. ಬಿಚ್ಚಿದ, ಮೂಲಿಗೆ ಬಿಗದ. ಮೂಲಿ ನಿಂತ್ತು ನೋಡ್ರಿ. ಆದ್ರ ಬೋಳು ತಲೀಲೆ ಕುಣಿಗಿ ಇಳಸೂದೆಂಗ? ಎಲ್ಲಿದ್ರ ಅಲ್ಲಿಂದ ಒಂದು ರುಮಾಲ ತಾ, ಓಡು, ಅಂದ್ರು. ಓಡಿದ. ಗೂಟಕ್ಕಿದ್ದ ಅಪ್ಪನ ರುಮಾಲ ತಂದ. ಸಾವ್ಕಾರನ ಹಣಿ ಮ್ಯಾಲ ಸುತ್ತಿಗೆ ಸುತ್ತು ಕೂಡಿಸಿ, ಎಷ್ಟ ಚಂದ ಸುತ್ತಿದ ಅಂತೀನಿ! ಅವನ ಜನ್ಮದಾಗ ಅದೊಂದ ಕೆಲಸ ನೆಟ್ಟಗಾತು. ಮಣ್ಣು ಎದಿಮಟ ಬಂದಾಗ ಪರಬಣ್ಣ ಗುರ್ತ ಹಿಡದು ಬಾಯಿ ಬಡಕೊಂಡ. ಆದ್ರ ಹೆಣದ ಮ್ಯಾಲಿನ ಅರಿವಿ ಯಾರು ಕೀಳತಾರ?

ಸಂಕವ್ವ ಹೊಸ್ತಿಲದಾಗ ಕುಸದು ಕುಂತ್ಲು. "ಇನ್ನ ಈ ಊರಿಗೆ ಬಡಿಗ್ಯಾ ಯಾರೋ ಮಗನ?"

"ಸಾವ್ಕಾರ್ರು, ಯವ್ವಾ. ರುಮಾಲ ಅವರ ತಲಿ ಮ್ಯಾಲ ಐತಲ್ಲಾ. ನಿಮ್ಮ ಕೈಕೆಳಗ ದುಡೀಲೇನ್ರಿ ಅಂತ ಕೇಳಿ ಬಂದೀನಿ. ಒಲ್ಲೆ ಅನ್ನಲಿಲ್ಲ."

ಅವತ್ತಿಂದ ಬುತ್ತಿ ಕಟಗೊಂಡು, ಉಳಿ ಬಾಚಿ ಚೀಲಾ ಹೊತಗೊಂಡು ಸುಡಗಾಡಿಗೆ ಕೆಲಸಕ್ಕ ಹೋಗತಾನ. ಊರೆಲ್ಲಾ ನಕ್ಕಿತು. ನಾನೂ ನಕ್ಕಿನಿ, ನಿನ್ನೆತನಾ.

ನಿನ್ನೆ ಹಗ್ಗ ಕೊಯ್ಯಾಕ ಅವನ ಉಳಿ ಇಸಗೊಂಡ್ನಿ. ಮುಟ್ಟಿದ್ದಕ್ಕ ಕೈ ಬಳ್ಳು ಸೀಳಿತು, ಅಂಥಾ ಧಾರ. ಧಾರ ಹಚ್ಚಾಕ ಇವಗ ಹುಟ್ಟಾ ಬರಾಂಗಿಲ್ಲ. ಯಾರು ಹಚ್ಚಿಕೊಟ್ರೋ ಅಂದ್ನಿ.

"ಮಾಲಕ್ರು," ಅಂದ. "ನಿಮ್ಮ ಬಾಗಲಾ ನೋಡಾಕ ಬರಲೇನು ಅಂತ ಕೇಳ್ಯಾರ, ಚಿಗವ್ವ."

ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ.

ಅಂವ ಉಳಿ ಇಸಗೊಂಡು ಚೀಲಕ್ಕ ಹಾಕಿದ. "ಚಿಗವ್ವ ಒಪ್ಪ್ಯಾಳ ಅಂತ ಹೇಳತೀನಿ," ಅಂದು ಸುಡಗಾಡಿನ ಕಡೆ ಹೊಂಟ.