ಚಿಟಿಕೆಗಡ್ಡೆಗೆ ಬೆನ್ನು ತಿರುಗಿಸಿದ ಬಂಡೆಪ್ಪ

ಮಕ್ಕಳೇ, ಒಂದು ಕಾಡಿನ ಮಧ್ಯೆ ಹಾಲುಗೆರೆ ಎಂಬ ದೊಡ್ಡ ಕೆರೆ ಇತ್ತು. ಅದರ ದಡದಲ್ಲಿ ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲು. ಅಲ್ಲಿ ಅರವತ್ತು ಕಾಡುಕೋಣಗಳು ಮೇಯುತ್ತಿದ್ದವು. ಅವಕ್ಕೆಲ್ಲ ಒಡೆಯ ಬಂಡೆಪ್ಪ. ಅವನು ನಡೆದರೆ ಇಲಿಗಳ ಬಿಲದಲ್ಲಿ ಮಣ್ಣು ಉದುರುತ್ತಿತ್ತು. ಅವನು ಸೀನಿದರೆ ಗಿಡುಗ ಕೂಡ ಕೊಂಬೆ ಬದಲಿಸುತ್ತಿತ್ತು.

ದಡದಿಂದ ಸ್ವಲ್ಪ ದೂರದಲ್ಲಿ, ನೀರಿನ ನಡುವೆ, ಒಂದು ಪುಟ್ಟ ನಡುಗಡ್ಡೆ. ಎರಡು ಜಾಲಿಮರ, ಒಂದು ಬಂಡೆ, ಒಂದಿಷ್ಟು ಮರಳು, ಅಷ್ಟೇ. ಅದನ್ನು ಎಲ್ಲರೂ ಚಿಟಿಕೆಗಡ್ಡೆ ಎನ್ನುತ್ತಿದ್ದರು. ಅಲ್ಲಿ ನಲವತ್ತು ಬೆಳ್ಳಕ್ಕಿಗಳು ಗೂಡು ಕಟ್ಟಿಕೊಂಡಿದ್ದವು. ಅವುಗಳಲ್ಲಿ ಹಿರಿಯಳು ಈರಕ್ಕ.

ದಿನಾ ಬೆಳಗ್ಗೆ ಬೆಳ್ಳಕ್ಕಿಗಳು ಹುಲ್ಲುಗಾವಲಿಗೆ ಹಾರಿ ಬರುತ್ತಿದ್ದವು. ಕೋಣಗಳು ಹೆಜ್ಜೆ ಇಟ್ಟಲ್ಲೆಲ್ಲ ಮಿಡತೆಗಳು ಏಳುತ್ತಿದ್ದವು, ಹಕ್ಕಿಗಳು ಹಿಡಿದು ತಿನ್ನುತ್ತಿದ್ದವು. ಆಮೇಲೆ ಕೋಣಗಳ ಬೆನ್ನೇರಿ ರಕ್ತ ಹೀರುವ ಉಣ್ಣಿಗಳನ್ನು ಕಿತ್ತು ತೆಗೆಯುತ್ತಿದ್ದವು. ಇಬ್ಬರಿಗೂ ಸುಖ. ಆದರೆ ತನ್ನ ಬೆನ್ನು ಸ್ವಚ್ಛ ಮಾಡುವುದಕ್ಕೇ ಈ ಹಕ್ಕಿಗಳು ಹುಟ್ಟಿವೆ ಎಂದು ಬಂಡೆಪ್ಪ ತಿಳಿದಿದ್ದ.

ಒಂದು ಮಳೆಗಾಲದಲ್ಲಿ ದೂರದ ಹೊಳೆ ಉಕ್ಕಿ ಹರಿದು ಹಾಲುಗೆರೆಗೆ ಸೇರಿತು. ಆ ನೀರಿನ ಜೊತೆ ಒಂದು ಮೊಸಳೆಯೂ ಬಂತು. ಹೆಸರು ಹೊಳೆಯಪ್ಪ. ತುಂಬಾ ಮುದುಕ. ಬಾಯಲ್ಲಿ ಉಳಿದಿದ್ದು ಏಳೇ ಹಲ್ಲು, ಅದರಲ್ಲೂ ನಾಲ್ಕು ಅಲುಗಾಡುತ್ತಿದ್ದವು.

"ತಾಯಿ, ನಿಮ್ಮ ಮರಳ ಮೇಲೆ ಸ್ವಲ್ಪ ಬಿಸಿಲು ಕಾಯಿಸಲೇ? ಸೊಂಟ ಹಿಡಿದುಕೊಂಡಿದೆ," ಎಂದು ಅವನು ಈರಕ್ಕನನ್ನು ಕೇಳಿದ.

"ಕಾಯಿಸಪ್ಪ. ಮೊಟ್ಟೆಗಳ ಹತ್ತಿರ ಮಾತ್ರ ಬರಬೇಡ," ಎಂದಳು ಈರಕ್ಕ.

ಮರುದಿನ ನೀರು ಕುಡಿಯಲು ಬಂದ ಬಂಡೆಪ್ಪ ಗಡ್ಡೆಯತ್ತ ನೋಡಿದ.

"ಈರಕ್ಕ, ಅದೇನು ಮರದ ದಿಮ್ಮಿ?"

"ದಿಮ್ಮಿ ಅಲ್ಲ ಬಂಡೆಪ್ಪನವರೇ, ಮೊಸಳೆ. ನಮ್ಮ ಮನೆಗೆ ಬಂದವನು."

ಬಂಡೆಪ್ಪ ಥಟ್ಟನೆ ನಾಲ್ಕು ಹೆಜ್ಜೆ ಹಿಂದೆ ಹೋದ. ಯಾರಾದರೂ ನೋಡಿದರೇನೋ ಎಂದು, ಅಲ್ಲಿನ ಹುಲ್ಲು ಪರೀಕ್ಷೆ ಮಾಡಲು ಬಂದವನಂತೆ ನೆಲ ಮೂಸಿದ.

"ನಾನು ನೀರು ಕುಡಿಯುವ ಜಾಗದ ಎದುರಿಗೇ ಮೊಸಳೆ ಇಟ್ಟುಕೊಂಡಿದ್ದೀಯಾ? ಅದೂ ನನ್ನನ್ನು ಕೇಳದೆ?"

"ನಿಮ್ಮ ಹುಲ್ಲಿಗೆ ಯಾರು ಬರಬೇಕು ಅಂತ ನಾವು ಯಾವತ್ತಾದರೂ ಹೇಳಿದ್ದೇವೆಯೇ? ನಮ್ಮ ಮರಳಿನ ವಿಷಯ ನಮಗೆ ಬಿಡಿ," ಎಂದಳು ಈರಕ್ಕ.

ಬಂಡೆಪ್ಪನ ಕಿವಿ ಕೆಂಪಾದವು. ಅವನ ಮಂತ್ರಿ ಮುಳ್ಳಯ್ಯ ಎಂಬ ಮುಳ್ಳುಹಂದಿ ಹತ್ತಿರ ಬಂದು, "ಒಡೆಯಾ, ಇವರಿಗೆ ನಿಮ್ಮ ಹುಲ್ಲು ಮುಚ್ಚಿಬಿಡಿ. ಹತ್ತೇ ದಿನದಲ್ಲಿ ಕಾಲಿಗೆ ಬೀಳುತ್ತಾರೆ," ಎಂದ.

ಬಂಡೆಪ್ಪ ಅಲ್ಲೇ ಅಪ್ಪಣೆ ಹೊರಡಿಸಿದ. ಚಿಟಿಕೆಗಡ್ಡೆಯ ಹಕ್ಕಿಗಳು ಹುಲ್ಲುಗಾವಲಿಗೆ ಕಾಲಿಡಕೂಡದು. ಕೋಣಗಳು ಗಡ್ಡೆಯವರ ಜೊತೆ ಮಾತಾಡಕೂಡದು. ಅಷ್ಟೇ ಅಲ್ಲ, ಆ ಕಡೆ ನೋಡಲೂ ಕೂಡದು.

ನೋಡಲೂ ಕೂಡದು ಎಂದಿದ್ದೇ ಫಜೀತಿ ಆಯಿತು. ಗಡ್ಡೆ ಇದ್ದಿದ್ದು ನೀರಿಗಿಳಿಯುವ ಜಾಗದ ಎದುರಿಗೆ. ಹಾಗಾಗಿ ಕೋಣಗಳು ಕತ್ತು ತಿರುಗಿಸಿಕೊಂಡು ನೀರು ಕುಡಿಯಬೇಕಾಯಿತು. ಕೆಲವರ ಕಿವಿಗೆ ನೀರು ಹೋಯಿತು. ಕೆಲವರು ಹಿಂದುಹಿಂದಕ್ಕೆ ನಡೆದು ಕೆರೆಗೆ ಇಳಿದು ಕತ್ತಿನವರೆಗೂ ಮುಳುಗಿದರು.

ಆದರೆ ಗಡ್ಡೆಯಲ್ಲಿ ನಗುವ ಸ್ಥಿತಿ ಇರಲಿಲ್ಲ. ಮಿಡತೆ ಇಲ್ಲದೆ ಗೂಡಿನ ಮರಿಗಳು ಹಸಿದು ಚೀರುತ್ತಿದ್ದವು. ದಡಕ್ಕೆ ಇಳಿದ ಹಕ್ಕಿಗಳನ್ನು, ಬಂಡೆಪ್ಪನ ಕಣ್ಣೆದುರು, ಕೋಣಗಳು ಕೊಂಬು ಬೀಸಿ ಅಟ್ಟುತ್ತಿದ್ದವು.

ಹೊಳೆಯಪ್ಪನಿಗೆ ಬೇಸರವಾಯಿತು. "ಇದೆಲ್ಲ ನನ್ನಿಂದ ಆಗಿದ್ದು ತಾಯಿ. ನಾನು ಹೊರಡುತ್ತೇನೆ," ಎಂದ.

ಈರಕ್ಕ ಹಸಿದ ಮರಿಗಳ ಕಡೆ ನೋಡಿದಳು. ಹೋಗು ಎನ್ನಲು ಅವಳ ಬಾಯಿ ತೆರೆಯಿತು. ಆಮೇಲೆ ತಲೆ ಅಲ್ಲಾಡಿಸಿದಳು. "ಬೇಡ. ಇವತ್ತು ನೀನು ಹೋದರೆ, ನಾಳೆ ಬಂಡೆಪ್ಪ ಜಾಲಿಮರ ಖಾಲಿ ಮಾಡಿ ಅಂತಾನೆ."

"ಹಾಗಾದರೆ ನನ್ನ ಕೈಲಾದದ್ದು ಮಾಡುತ್ತೇನೆ," ಎಂದು ಹೊಳೆಯಪ್ಪ ಕಡಿಮೆ ನೀರಿನಲ್ಲಿ ನಿಂತು ಬಾಲ ಬೀಸಿದ. ಪುಟ್ಟ ಮೀನುಗಳು ಚಿಮ್ಮಿ ಮರಳ ಮೇಲೆ ಬಿದ್ದವು. ಹೊಟ್ಟೆ ತುಂಬುವಷ್ಟಲ್ಲ, ಜೀವ ಹಿಡಿಯುವಷ್ಟು. ಮೊದಲು ಅವನು ಬಿಸಿಲು ಕಾಯಿಸಿ ಹೋಗುವ ಅತಿಥಿಯಾಗಿದ್ದ. ಈಗ ಮನೆಯವನೇ ಆಗಿಬಿಟ್ಟ.

ಹತ್ತು ದಿನ ಕಳೆಯಿತು. ಗಡ್ಡೆಯಿಂದ ಯಾರೂ ಕಾಲಿಗೆ ಬೀಳಲು ಬರಲಿಲ್ಲ. ಇತ್ತ ಬಂಡೆಪ್ಪನ ಬೆನ್ನಿನಲ್ಲಿ ಉಣ್ಣಿಗಳು ತುಂಬಿಕೊಂಡವು. ತುರಿಕೆ ಎಂದರೆ ಅಂಥಿಂಥ ತುರಿಕೆಯಲ್ಲ. ಮೇಯುತ್ತಾ ಮೇಯುತ್ತಾ ಅವನು ಕುಣಿಯತೊಡಗಿದ.

"ಒಡೆಯಾ, ನಾನು ಕೆರೆಯಲೇ?" ಎಂದ ಮುಳ್ಳಯ್ಯ.

ಒಡೆಯ ಹೂಂ ಎಂದ. ಮುಳ್ಳಯ್ಯ ಬೆನ್ನ ಮೇಲೆ ಒಂದೇ ಒಂದು ಸಲ ಉರುಳಿದ. ಬಂಡೆಪ್ಪ ಒಂಬತ್ತು ಮುಳ್ಳು ಚುಚ್ಚಿಸಿಕೊಂಡು ಹುಲ್ಲುಗಾವಲು ಪೂರ್ತಿ ಒಂದು ಸುತ್ತು ಓಡಿದ.

ಮರುದಿನ ಮಾವಿನ ಮರಕ್ಕೆ ಬೆನ್ನು ಉಜ್ಜಿದ. ಮರದಲ್ಲಿ ಕೆಂಜಿಗ ಇರುವೆಗಳ ಗೂಡಿತ್ತು, ಅದು ಅವನ ತಲೆ ಮೇಲೇ ಬಿತ್ತು. ಈ ಸಲ ಎರಡು ಸುತ್ತು ಓಡಿದ.

ಓಡಿ ಸುಸ್ತಾಗಿ ನಿಂತಾಗ ಅವನಿಗೆ ಒಂದು ಸಂಗತಿ ಕಾಣಿಸಿತು. ಉಳಿದ ಕೋಣಗಳೆಲ್ಲ ಹಾಯಾಗಿ ಮೇಯುತ್ತಿದ್ದವು. ಯಾರೂ ಕುಣಿಯುತ್ತಿರಲಿಲ್ಲ. ಅವನ ಹೆಂಡತಿ ನಿಂಗಮ್ಮನ ಬೆನ್ನಂತೂ ತೊಳೆದಿಟ್ಟ ಕಲ್ಲಿನ ಹಾಗೆ ಹೊಳೆಯುತ್ತಿತ್ತು.

"ನಿಂಗಮ್ಮ, ನಿನ್ನ ಬೆನ್ನಲ್ಲಿ ಉಣ್ಣಿ ಯಾಕಿಲ್ಲ?"

ನಿಂಗಮ್ಮ ಹುಲ್ಲು ನುಂಗಿದಳು. "ಮಧ್ಯಾಹ್ನ ನೀರಿಗಿಳಿದಾಗ ಕಾಲು ಜಾರಿತು ಕಣ್ರೀ. ಜಾರಿ ಗಡ್ಡೆಯ ಹತ್ತಿರ ಹೋಗಿಬಿಟ್ಟೆ. ಈರಕ್ಕ ಅಲ್ಲೇ ಕೂತಿದ್ದಳು."

"ಎಷ್ಟು ಸಲ ಜಾರಿತು?"

"ದಿನಾ ಜಾರುತ್ತೆ."

"ಬೇರೆಯವರಿಗೆ?"

"ಅವರಿಗೂ ಜಾರುತ್ತೆ. ಒಟ್ಟಿಗೇ ಜಾರಿದರೆ ಗಡ್ಡೆಯಲ್ಲಿ ಜಾಗ ಸಾಲಲ್ಲ ಅಂತ ಸರದಿ ಮಾಡಿಕೊಂಡಿದ್ದೇವೆ."

"ಆ ಮೊಸಳೆ?"

"ಅವನಾ? ಪಾಪ, ನನ್ನ ಹತ್ತಿರ ಸೊಂಟನೋವಿನ ಕತೆ ಹೇಳಿಕೊಂಡ."

ಬಂಡೆಪ್ಪನಿಗೆ ಸಿಟ್ಟು ಬಂತು. ಆದರೆ ಸಿಟ್ಟಿಗಿಂತ ತುರಿಕೆ ಹೆಚ್ಚಾಗಿತ್ತು. ಅವನು ಸೀದಾ ಕೆರೆಗಿಳಿದು ಈಜಿ ಗಡ್ಡೆಯ ಅಂಚಿನಲ್ಲಿ ಎದ್ದು ನಿಂತ.

"ನಾನು ತಪಾಸಣೆಗೆ ಬಂದಿದ್ದೇನೆ," ಎಂದ.

"ಮಾಡಿ," ಎಂದಳು ಈರಕ್ಕ.

ಬಂಡೆಪ್ಪ ಜಾಲಿಮರ ನೋಡಿದ. ಬಂಡೆ ನೋಡಿದ. ಅಷ್ಟಕ್ಕೇ ತಪಾಸಣೆ ಮುಗಿದುಹೋಯಿತು. ಹೊಳೆಯಪ್ಪ ಆಕಳಿಸಿದ. ಅಲುಗಾಡುವ ಹಲ್ಲುಗಳನ್ನು ನೋಡಿ ಬಂಡೆಪ್ಪನಿಗೆ ನಾಚಿಕೆಯಾಯಿತು. ಇದಕ್ಕೋ ತಾನು ಇಷ್ಟೆಲ್ಲ ಮಾಡಿದ್ದು ಅನ್ನಿಸಿತು. ಆದರೂ ಎದೆ ಉಬ್ಬಿಸಿ, "ಸರಿ, ನನ್ನ ಬೆನ್ನ ಮೇಲೆ ಕೂರಲು ನಿಮಗೆ ಅಪ್ಪಣೆ ಕೊಟ್ಟಿದ್ದೇನೆ," ಎಂದ.

ಒಂದು ಹಕ್ಕಿಯೂ ಕದಲಲಿಲ್ಲ.

"ಅಪ್ಪಣೆ ನಿಮ್ಮ ಹುಲ್ಲಲ್ಲಿ ನಡೆಯುತ್ತೆ ಬಂಡೆಪ್ಪನವರೇ," ಎಂದಳು ಈರಕ್ಕ. "ಇಲ್ಲಿ ಏನಾದರೂ ಬೇಕಾದರೆ ಕೇಳಬೇಕು."

ಬಂಡೆಪ್ಪ ದಡದ ಕಡೆ ತಿರುಗಿದ. ಒಂದು ಉಣ್ಣಿ ಬಾಲದ ಬುಡದಲ್ಲಿ ಕಚ್ಚಿತು. ಇನ್ನೊಂದು ಕಿವಿಯ ಹಿಂದೆ ಕಚ್ಚಿತು. ಕೊಂಬಿಗೆಟುಕದ, ಬಾಲಕ್ಕೂ ಎಟುಕದ, ನಡುಬೆನ್ನಿನ ಆ ಜಾಗದಲ್ಲಿ ಮೂರನೆಯದು ಕಚ್ಚಿದಾಗ ಅವನು ಮತ್ತೆ ಈ ಕಡೆ ತಿರುಗಿದ.

"ಈರಕ್ಕ," ಎಂದ, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ, "ಸ್ವಲ್ಪ ಬೆನ್ನು ನೋಡ್ತೀಯೇನಮ್ಮ?"

"ಅದಕ್ಕೇನು, ನೋಡೋಣ. ಆದರೆ ನಮ್ಮ ಮರಿಗಳು ಹಸಿದಿವೆ. ನಾಳೆಯಿಂದ ನಿಮ್ಮ ಹುಲ್ಲಿಗೆ ಬರಬಹುದೇ?"

ಈರಕ್ಕ ಕೇಳಿದ್ದಳು, ಬೇಡಿರಲಿಲ್ಲ. ಬಂಡೆಪ್ಪನಿಗೆ ಆ ವ್ಯತ್ಯಾಸ ಮೊದಲ ಸಲ ತಿಳಿಯಿತು. "ನಾಳೆ ಯಾಕೆ, ಈಗಲೇ ಬನ್ನಿ," ಎಂದ.

ನಲವತ್ತು ಬೆಳ್ಳಕ್ಕಿಗಳು ಅವನ ಬೆನ್ನೇರಿದವು. ಬಂಡೆಪ್ಪ ಕಣ್ಣು ಮುಚ್ಚಿ, ಮೂಗು ಮತ್ತು ಬೆನ್ನಷ್ಟೇ ಮೇಲಿಟ್ಟು, ದಡದ ಕಡೆ ನಿಧಾನವಾಗಿ ಈಜಿದ.

ದಡದಲ್ಲಿ ಕೋಣಗಳೆಲ್ಲ ಸಾಲಾಗಿ ನಿಂತು, ನೋಡಬಾರದ ಕಡೆಯೇ ನೋಡುತ್ತಿದ್ದವು. ಮುಳ್ಳಯ್ಯ ಒಂದು ಕಲ್ಲು ಹತ್ತಿ ಗಂಟಲು ಸರಿಮಾಡಿಕೊಂಡು, "ನಮ್ಮ ಒಡೆಯರು ಚಿಟಿಕೆಗಡ್ಡೆಯನ್ನು ಗೆದ್ದು ಬರುತ್ತಿದ್ದಾರೆ," ಎಂದು ಸಾರಿದ.

ನಿಂಗಮ್ಮ ಅವನತ್ತ ತಿರುಗಿದಳು. "ಗೆದ್ದವರು ಸೋತವರನ್ನು ಬೆನ್ನ ಮೇಲೆ ಹೊತ್ತುಕೊಂಡು ಬರುವುದನ್ನು ನಾನು ಇವತ್ತೇ ನೋಡಿದ್ದು ಮುಳ್ಳಯ್ಯ," ಎಂದಳು.

ನೀತಿ: ನೆರೆಯವರು ಎಷ್ಟೇ ಚಿಕ್ಕವರಾದರೂ ಅವರ ಮನೆಗೆ ಅವರೇ ಯಜಮಾನರು, ಅವರನ್ನು ಬಗ್ಗಿಸಲು ಬಾಗಿಲು ಮುಚ್ಚುವ ಬಲಶಾಲಿ ತನ್ನ ಸುಖಕ್ಕೂ ಬಾಗಿಲು ಮುಚ್ಚಿಕೊಳ್ಳುತ್ತಾನೆ.