ಚಾರ್ಜಿಂಗ್ ಕಂಬದ ತಾಲೀಮು

"ಇಡೀ ಜಿಲ್ಲಾದಾಗ ಇಂಥಾ ಕಂಬ ಇನ್ನೊಂದಿಲ್ಲ!" ಎಂದು ಕಣವಿಹಾಳ ಪುರಸಭೆಯ ಅಧ್ಯಕ್ಷ ಕರಬಸನಗೌಡರು ಮೀಸೆ ತೀಡಿದರು.

ಕಂಬವೇನೋ ಚೆಂದವಿತ್ತು. ಕರೆಂಟಿನ ಗಾಡಿಗಳಿಗೆ ಚಾರ್ಜ್ ಮಾಡಲೆಂದು ಪೇಟೆಯ ನಡುವೆ ನಿಲ್ಲಿಸಿದ್ದ ಕಂಬ. ಲೈನೂ ಬಂದಿತ್ತು. ಆದರೆ ಸುತ್ತ ಕೆಂಪು ರಿಬ್ಬನ್ ಕಟ್ಟಿತ್ತು. ಮಂತ್ರಿಗಳು ಬಂದು ಉದ್ಘಾಟಿಸುವ ತನಕ ಯಾರೂ ಮುಟ್ಟಕೂಡದೆಂದು ಪುರಸಭೆ ಠರಾವು ಮಾಡಿತ್ತು. ಮಂತ್ರಿಗಳಿಗೋ ಪುರಸೊತ್ತಿಲ್ಲ. ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಗೌಡರು ಕಾದದ್ದೇ ಕಾದದ್ದು.

ಇದರಿಂದ ಹೊಟ್ಟೆಗೆ ಪೆಟ್ಟು ಬಿದ್ದದ್ದು ದಾವಲಸಾಬನಿಗೆ. ಅವನ ಕರೆಂಟಿನ ಆಟೊ ಮಧ್ಯಾಹ್ನಕ್ಕೇ ಸುಸ್ತಾಗುತ್ತಿತ್ತು. ಚಾರ್ಜ್ ಮಾಡಲು ದೂರದ ಹಳ್ಳಿಯ ತನ್ನ ಮನೆಗೆ ಹೋದರೆ ಸಂಜೆಯ ಸವಾರಿಯೆಲ್ಲ ಡೀಸೆಲ್ ಗಾಡಿಗಳ ಪಾಲು. ಊರ ನಾಟಕಗಳಲ್ಲಿ ಹಾಸ್ಯದ ಪಾತ್ರ ಮಾಡುವ ಆಸಾಮಿ ಅವನು. ಅಳುತ್ತ ಕೂರುವುದು ಒಗ್ಗದ ಕೆಲಸ. ನೆಟ್ಟಗೆ ಗೌಡರ ಮನೆಕಟ್ಟೆಗೆ ಬಂದ.

"ಗೌಡ್ರ, ಕಂಬ ಭಾರಿ ಐತ್ರಿ. ಆದ್ರ ನನಗೊಂದು ಅಂಜಿಕಿ."

"ನಿನಗ್ಯಾತರ ಅಂಜಿಕಿಲೇ?"

"ಮಂತ್ರಿಗಳು ರಿಬ್ಬನ್ ಕತ್ತರಸ್ತಾರ. ಗಾಡಿಗೆ ವಾಯರ್ ಹಚ್ಚತಾರ. ಟಿವಿಯವರು ಕ್ಯಾಮೆರಾ ಹಿಡದಿರ್ತಾರ. ಆವಾಗ ಕಂಬದ ಲೈಟ ಹತ್ತಲಿಲ್ಲಂದ್ರ?"

ಗೌಡರ ಕೈ ಮೀಸೆಯಿಂದ ಕೆಳಗಿಳಿಯಿತು.

"ಹತ್ತತೈತಿ ಅಂತ ಇಂಜಿನಿಯರು ಹೇಳ್ಯಾರಲ್ಲೋ!"

"ಹೇಳ್ಯಾರ್ರಿ. ನಾವೂ ನಾಟಕದ ಮಾತು ಬಾಯಿಪಾಠ ಆಗೈತಿ ಅಂತನ ಹೇಳ್ತೀವಿ. ಪರದೆ ಎದ್ದ ಮ್ಯಾಲ ಬಣ್ಣ ಬಯಲಾಗೂದು."

"ಹಂಗಾರ ಏನ್ ಮಾಡೂಣು?"

"ತಾಲೀಮ್ರಿ!"

ಮಾತು ಗೌಡರಿಗೆ ಹಿಡಿಸಿತು. "ಮಾಡು. ಆದ್ರ ರಿಬ್ಬನ್ ಹರೀಬಾರದು. ಯಾರರ ಕೇಳಿದ್ರ, ಕಂಬ ಇನ್ನಾ ಚಾಲೂ ಆಗಿಲ್ಲ ಅನ್ನಬೇಕು."

"ತಾಲೀಮಿಗೆ ನಾಟಕ ಅಂತ ಯಾರ್ ಅಂತಾರ್ರೀ?"

ಮರುದಿನವೇ ಶುರುವಾಯಿತು. ಗೆಳೆಯರು ರಿಬ್ಬನ್ನನ್ನು ಕೋಲಿನಿಂದ ಎತ್ತಿ ಹಿಡಿದರು, ಆಟೊ ಕೆಳಗೆ ನುಸುಳಿತು. ತರಕಾರಿ ಮಾರುವ ಗಂಗವ್ವ ಮಂತ್ರಿಯಾದಳು. ಎರಡು ಬೆರಳಿನಿಂದ ಗಾಳಿಯನ್ನು ಕತ್ತರಿಸಿ, ತನ್ನ ಬುಟ್ಟಿಯ ಕಡೆ ತಿರುಗಿ, "ನೆರೆದಿರುವ ಸಮಸ್ತ ಬದನೀಕಾಯಿಗಳೇ" ಎಂದು ಭಾಷಣ ಬಿಗಿದಳು. ಪೇಟೆಯೆಲ್ಲ ಚಪ್ಪಾಳೆ ತಟ್ಟಿತು. ಆಟೊಗೆ ಹೊಟ್ಟೆತುಂಬ ಕರೆಂಟು ಸಿಕ್ಕಿತು.

ಬರಬರುತ್ತ ಪಾತ್ರಧಾರಿಗಳು ಹೆಚ್ಚಿದರು. ಊರಿನ ಕರೆಂಟಿನ ಆಟೊ, ಸ್ಕೂಟರುಗಳೆಲ್ಲ ತಾಲೀಮಿಗೆ ಸಾಲುಗಟ್ಟಿದವು. ಗೌಡರು, "ಇನ್ನಾ ಮುಗೀಲಿಲ್ಲೇನಲೇ?" ಎಂದು ಕೇಳಿದರೆ ದಾವಲಸಾಬ, "ಲೈಟ ಹತ್ತೂದು ಪಕ್ಕಾ ಆತ್ರಿ. ಸಾಲು ನಿಂದ್ರೂದು ಇನ್ನಾ ಕೂತಿಲ್ಲ" ಎನ್ನುತ್ತಿದ್ದ. ಸಂಜೆಯ ಸವಾರಿ ಮತ್ತೆ ಅವನ ಕೈಗೆ ಬಂತು.

ಒಂದು ದಿನ ಹೇಳದೆ ಕೇಳದೆ ಮಂತ್ರಿಗಳ ಕಾರು ಬಂದೇಬಿಟ್ಟಿತು. ಅವರು ಇಳಿದು ನೋಡುತ್ತಾರೆ: ರಿಬ್ಬನ್ ಮಾಸಿ ಬೂದಿಯ ಬಣ್ಣಕ್ಕೆ ತಿರುಗಿದೆ, ವಾಯರಿನ ಹಿಡಿಕೆ ಸವೆದಿದೆ, ಗಾಡಿಗಳು ಒಂದರ ಹಿಂದೊಂದು ನಿಂತಿವೆ.

"ಗೌಡರೇ, ನನ್ನನ್ನು ಕರೆದದ್ದು ಉದ್ಘಾಟನೆಗೋ, ವಾರ್ಷಿಕೋತ್ಸವಕ್ಕೋ?"

ಗೌಡರು ಮಾಸಿದ ರಿಬ್ಬನ್ನಿಗೆ ಅಡ್ಡ ನಿಂತರು. ಮಂತ್ರಿಗಳು ಮುನಿದರೆ ಕಂಬಕ್ಕೆ ಬೀಗ ಬೀಳುವುದು ಖಂಡಿತ. ದಾವಲಸಾಬ ಮುಂದೆ ಬಂದು ಕೈಮುಗಿದ.

"ಚಾಲೂ ಆಗಿಲ್ರಿ ಸಾಹೇಬ್ರ. ಇದು ಬರೇ ತಾಲೀಮು."

"ಇಷ್ಟು ದಿನದ ತಾಲೀಮೇ?"

"ರಾಜಾಪಾರ್ಟಿನವರು ಬರೂತನಕ ತಾಲೀಮು ನಿಲ್ಲಸೂ ಪದ್ಧತಿ ನಮ್ಮ ಕಡೆ ಇಲ್ರಿ. ನೀವು ತಡಾ ಮಾಡಿದಷ್ಟೂ ನಮ್ಮ ಪಾರ್ಟು ಪಳಗಿತು!"

ಮಂತ್ರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕದ್ದು ನೋಡಿ ಗೌಡರೂ ಧೈರ್ಯ ತಂದುಕೊಂಡು ನಕ್ಕರು.

"ಗೌಡರೇ, ಹೊಸ ಠರಾವು ಮಾಡಿ. ಇನ್ನು ಮೇಲೆ ಕಂಬ ಮೊದಲು ಜನರಿಗೆ, ರಿಬ್ಬನ್ ಆಮೇಲೆ ನನಗೆ" ಎಂದ ಮಂತ್ರಿಗಳು ದಾವಲಸಾಬನ ಬೆನ್ನು ತಟ್ಟಿದರು. "ನಿನಗೇನು ಬೇಕೋ ಕೇಳಯ್ಯ."

"ನನಗೇನೂ ಬ್ಯಾಡ್ರಿ. ಆ ಮೂಲ್ಯಾಗ ಹೆಣ್ಮಕ್ಕಳಿಗಂತ ಶೌಚಾಲಯ ಕಟ್ಟ್ಯಾರ. ಅದಕ್ಕೂ ರಿಬ್ಬನ್ ಕಟ್ಟಿ ನಿಮ್ಮ ದಾರಿ ನೋಡಾಕ ಹತ್ತ್ಯಾರ. ಅಲ್ಲೂ ತಾಲೀಮು ನಡಸು ಅಂತ ಪ್ಯಾಟಿ ಹೆಣ್ಮಕ್ಕಳು ನನ್ನ ಬೆನ್ನ ಹತ್ತ್ಯಾರ್ರಿ. ನಾ ಗಂಡಸು, ಹೆಂಗ ನಡಸ್ಲಿ? ಅದೊಂದರ ರಿಬ್ಬನ್ ನೀವ ಬಂದು ಕತ್ತರಿಸಿ, ನೆಟ್ಟಗ ನಾಟಕಾನ ಮಾಡಿಬಿಡ್ರಿ!"